ಮದುಮಗಳ ತಾಯಿಯ ಫೋಟೋ

ದಾದರ್

ಮೈಸೂರಿನ ಮೇ ತಿಂಗಳ ಬಗ್ಗೆ ನಾನು ಇಷ್ಟು ವರ್ಷ ದೂರಿದ್ದನ್ನೆಲ್ಲ ದಾದರ್ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಹಿಂದಕ್ಕೆ ತೆಗೆದುಕೊಂಡೆ. ನಮ್ಮೂರಿನ ಬಿಸಿಲು ನೆತ್ತಿ ಸುಡುತ್ತದೆ, ಮರದ ಕೆಳಗೆ ನಿಂತರೆ ಬಿಟ್ಟುಬಿಡುತ್ತದೆ. ಇಲ್ಲಿಯ ಸೆಕೆ ನೆರಳಿಗೂ ಜೊತೆಯಲ್ಲೇ ಬಂತು. ಬೆನ್ನಿಗೆ ಕ್ಯಾಮೆರಾ ಚೀಲ, ಹೆಗಲಿಗೆ ಲೈಟ್ ಸ್ಟ್ಯಾಂಡುಗಳ ಉದ್ದನೆಯ ಚೀಲ, ಕೈಯಲ್ಲಿ ಬಟ್ಟೆಯ ಪೆಟ್ಟಿಗೆ. ಪ್ಲಾಟ್‌ಫಾರಂ ದಾಟುವಷ್ಟರಲ್ಲಿ ಕನ್ನಡಕ ಮೂಗಿನ ಮೇಲೆ ನಿಲ್ಲದಾಯಿತು.

ಮೈಸೂರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ ತೆಗೆದೇ ಜೀವನ. ಮುಂಬೈಗೆ ಬರುವ ಕಾರಣ ಯಾವತ್ತೂ ಇರಲಿಲ್ಲ. ಪ್ರಿಯಾಂಕಾ ಎಂಬ ಹುಡುಗಿ ಆ ಕಾರಣವಾದಳು. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ ವಿದ್ಯೆ ಓದಲು ಅವಳು ಮೈಸೂರಿಗೆ ಬಂದಾಗ ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದಳು. ಅವಳ ಅಪ್ಪ ಅಮ್ಮ ವಿಜಯಪುರದ ಕಡೆಯವರು, ಅವಳು ಹುಟ್ಟಿ ಬೆಳೆದದ್ದು ಘಾಟ್ಕೋಪರಿನಲ್ಲಿ. ಅವಳ ಕನ್ನಡದಲ್ಲಿ ವಿಜಯಪುರ, ಮೈಸೂರು, ಹಿಂದಿ ಮೂರೂ ಒಂದೇ ವಾಕ್ಯದಲ್ಲಿ ಬರುತ್ತಿದ್ದವು. ಮದುವೆ ಗೊತ್ತಾದ ದಿನವೇ ಫೋನ್ ಮಾಡಿದಳು. "ಸುಮಕ್ಕಾ, ಫೋಟೋ ನೀವೇ ತೆಗೀಬೇಕು. ಯಹಾಂ ಬಹಳ ಮಂದಿ ಇದ್ದಾರೆ, ಆದ್ರೆ ನಂಗೆ ನೀವೇ ಬೇಕು ಕಣಕ್ಕ."

ಲೋಕಲ್‌ನ ಹೆಂಗಸರ ಡಬ್ಬಿ ಹತ್ತುವುದಕ್ಕೆ ನಾನು ಏನೂ ಮಾಡಬೇಕಾಗಲಿಲ್ಲ. ಹಿಂದಿದ್ದವರು ಹತ್ತಿದರು, ಮುಂದಿದ್ದ ನಾನು ಒಳಗಿದ್ದೆ. ನನ್ನ ಎದುರು ನಿಂತಿದ್ದ ಹೆಂಗಸು ಕಂಬಕ್ಕೆ ಬೆನ್ನು ಕೊಟ್ಟು, ಓಡುವ ರೈಲಿನಲ್ಲಿ ರವಿಕೆಗೆ ಹುಕ್ಕು ಹೊಲಿಯುತ್ತಿದ್ದಳು. ಸೂಜಿ ಒಮ್ಮೆಯೂ ತಪ್ಪಲಿಲ್ಲ. ಅದನ್ನೇ ನೋಡುತ್ತ ನಿಂತವಳು ಘಾಟ್ಕೋಪರ್ ಬಂದಾಗ ಬಾಗಿಲ ಕಡೆ ತಿರುಗಿದೆ. ಸ್ಟ್ಯಾಂಡಿನ ಚೀಲ ಯಾರದೋ ಚೀಲದ ಪಟ್ಟಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ರೈಲು ಹೊರಟಿತು.

"ಘಾಟ್ಕೋಪರ್ ಉತರ್ನಾ ಥಾ ಕ್ಯಾ?" ಎಂದಳು ಹುಕ್ಕಿನವಳು. ಇಳಿಯಬೇಕಿತ್ತು ಎಂದು ತಲೆಯಾಡಿಸಿದೆ. "ಪಹಲೇ ಸೇ ದರ್‌ವಾಜೇ ಪೇ ಆನೇ ಕಾ," ಎಂದು, ಮೊದಲೇ ಬಾಗಿಲಿಗೆ ಬರದಿದ್ದಕ್ಕೆ ಬೈದು, ದಾರವನ್ನು ಹಲ್ಲಿನಿಂದ ಕಡಿದು, ನನ್ನ ಉದ್ದ ಚೀಲವನ್ನು ತಾನೇ ಹೊತ್ತು ದಾರಿ ಬಿಡಿಸಿ, ಮುಂದಿನ ವಿಕ್ರೋಲಿಯಲ್ಲಿ ನನ್ನನ್ನು ಇಳಿಸಿದಳು. ತಾನು ಮತ್ತೆ ಒಳಗೆ ಹೋದಳು. ನಮ್ಮೂರಿನಲ್ಲಿ ಇಷ್ಟು ಉಪಕಾರ ಮಾಡುವವರು ಮೊದಲು ಊರು, ಹೆಸರು, ಮನೆತನ ಎಲ್ಲ ಕೇಳುತ್ತಾರೆ. ಇಲ್ಲಿ ಬೈಗುಳ ಒಂದೇ ಪರಿಚಯ.

ಘಾಟ್ಕೋಪರ್

ಬಾಗಿಲು ತೆಗೆದವರು ಪ್ರಿಯಾಂಕಾಳ ತಾಯಿ, ಮಹಾದೇವಿ. "ಬರ್ರಿ, ಬರ್ರಿ. ಹಾದಿ ತಪ್ಪಿತೇನ್ರಿ? ಮುಖಾ ನೋಡಿದ್ರs ತಿಳೀತೈತಿ," ಎನ್ನುತ್ತ ನನ್ನ ಚೀಲಕ್ಕೆ ಕೈ ಹಾಕಿದರು. ಆ ಕೈಯ ಮೇಲೆ ಬಿಳಿ ಮಚ್ಚೆಗಳಿದ್ದವು. ತುಟಿಯ ಸುತ್ತ, ಕಣ್ಣುಗಳ ಸುತ್ತ, ಕುತ್ತಿಗೆಯಲ್ಲೂ. ಉಳಿದ ಮುಖ ಗೋಧಿ ಬಣ್ಣದ್ದು. ನಾನು ನೋಡಿದೆ, ನೋಡಿದ್ದನ್ನು ಅವರೂ ನೋಡಿದರು, ಒಳಗೆ ಹೋಗಿ ನೀರು ತಂದುಕೊಟ್ಟರು.

ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ಅಷ್ಟರಲ್ಲೇ ವಿಜಯಪುರದಿಂದ ಬಂದ ನೆಂಟರು, ಮಿಕ್ಸಿಯ ಸದ್ದು, ಬಾಲ್ಕನಿಯಲ್ಲಿ ಒಣಗುವ ಸೀರೆಗಳು. ಯಜಮಾನರು ಶಿವಾನಂದ ಅವರು ಬಟ್ಟೆ ಅಂಗಡಿಯೊಂದರಲ್ಲಿ ಮ್ಯಾನೇಜರು. ಮನೆಯಲ್ಲೂ ಎಲ್ಲರನ್ನೂ ಗಿರಾಕಿಗಳ ಹಾಗೆ ನಗುನಗುತ್ತ ಕೂರಿಸುತ್ತಿದ್ದರು. ಅವರ ಅಕ್ಕ ಗಂಗಾಬಾಯಿ ಮಾತ್ರ ಯಾರು ಎಲ್ಲಿ ಕೂರಬೇಕೆಂದು ತಾವೇ ಹೇಳುತ್ತಿದ್ದರು. ರೊಟ್ಟಿ, ಶೇಂಗಾ ಹಿಂಡಿ, ಮಾವಿನಹಣ್ಣಿನ ಶೀಕರಣೆ ಬಂತು. ಮೈಸೂರಿನಲ್ಲಿ ಸಾಕು ಎಂದರೆ ಬಡಿಸುವ ಕೈ ನಿಲ್ಲುತ್ತದೆ. ಇಲ್ಲಿ ಸಾಕು ಎಂದದ್ದಕ್ಕೆ ಇನ್ನೊಂದು ರೊಟ್ಟಿ ಬಿತ್ತು.

ಹಾಲಿನ ಗೋಡೆ ತುಂಬ ಫೋಟೋಗಳು. ತೊಟ್ಟಿಲಲ್ಲಿ ಪ್ರಿಯಾಂಕಾ, ಸ್ಕೂಲಿನ ಡ್ರೆಸ್ಸಿನಲ್ಲಿ ಪ್ರಿಯಾಂಕಾ, ಚೌಪಾಟಿಯಲ್ಲಿ ಅಪ್ಪನ ಹೆಗಲೇರಿದ ಪ್ರಿಯಾಂಕಾ. ಬೆಳಕು ಎಲ್ಲಿಂದ ಬರುತ್ತದೆಂದು ತಿಳಿದವರು ತೆಗೆದ ಚಿತ್ರಗಳು.

"ಯಾರು ತೆಗೆದಿದ್ದು ಇವನ್ನ? ತುಂಬ ಚೆನ್ನಾಗಿವೆ," ಎಂದೆ.

"ನಾನs ತಗದೀನ್ರಿ," ಎಂದರು ಮಹಾದೇವಿ, ಶೀಕರಣೆಯ ಪಾತ್ರೆ ಹಿಡಿದುಕೊಂಡೇ. ಯಾವ ಚಿತ್ರದಲ್ಲೂ ಅವರಿರಲಿಲ್ಲ.

ಸಂಜೆ ಬಿಲ್ಡಿಂಗಿನ ಟೆರೇಸಿನಲ್ಲಿ ಗಾಳಿಗೆ ನಿಂತಾಗ ಪ್ರಿಯಾಂಕಾ ಹೇಳಿದಳು. "ಸುಮಕ್ಕಾ, ನೀವು ಎಷ್ಟು ಭೀ ಫೋಟೋ ತೆಗೀರಿ, ನಂಗೆ ಒಂದೇ ಚಾಹಿಯೇ. ಮಮ್ಮಿದು. ನನ್ನ ಹತ್ರ ಮಮ್ಮಿದು ಒಂದೂ ಇಲ್ಲ. ಸಚ್ ಮೇ. ನಾನು ಹುಟ್ಟಿದ ಟೈಮಿಗೇ ಮಚ್ಚೆ ಸ್ಟಾರ್ಟ್ ಆಯ್ತಂತೆ, ಆವಾಗಿಂದ ಇಲ್ಲ. ನಾಳಿದ್ದು ನಾನು ಗೋರೆಗಾಂವ್‌ಗೆ, ಅತ್ತೆ ಮನೆಗೆ ಹೋಗ್ತೀನಿ. ಫೋನಿನಲ್ಲಿ ಇಟ್ಕೊಳ್ಳೋಕೆ ಮಮ್ಮಿ ಮುಖ ಇಲ್ಲ ನನ್ನ ಹತ್ರ."

"ಕೇಳಿದ್ದೀಯಾ ಅವರನ್ನ?"

"ಕೇಳಿದ್ರೆ ಅಡುಗೆಮನೆಗೆ ಹೋಗ್ತಾಳೆ. ಅವಳಿಗೆ ಗೊತ್ತಾಗದ ಹಾಗೆ ತೆಗೀರಿ."

ತಿಳಿಯದಂತೆ ತೆಗೆಯುವುದೇ ನನ್ನ ಕೆಲಸ. ಆಗಲಿ ಎಂದೆ.

ಅರಿಶಿನದ ದಿನ

ಮರುದಿನ ಅದೇ ಟೆರೇಸಿನಲ್ಲಿ ಶಾಮಿಯಾನ. ಹಚ್ಚುವುದು ಮದುಮಗಳಿಗೆ ಎಂಬುದು ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಮರೆತುಹೋಯಿತು. ಶಿವಾನಂದರ ಬಕ್ಕತಲೆಗೆ, ವಾಚ್‌ಮನ್ ಕಾಕಾನ ಮೀಸೆಗೆ, ನನ್ನ ಕ್ಯಾಮೆರಾದ ಪಟ್ಟಿಗೆ, ಎಲ್ಲಕ್ಕೂ ಅರಿಶಿನ ಬಿತ್ತು. ಪಕ್ಕದ ಮನೆಯ ಗುಜರಾತಿ ಹೆಂಗಸರು ಡೋಲು ಬರುವುದಕ್ಕೆ ಮೊದಲೇ ಕುಣಿಯತೊಡಗಿದರು. ಮೈಸೂರಿನಲ್ಲಿ ಮದುವೆಮನೆಗೆ ಬಂದ ನೆರೆಯವರು ಕಾಫಿ ಕುಡಿದು, ತಾಂಬೂಲ ತೆಗೆದುಕೊಂಡು ಮರ್ಯಾದೆಯಾಗಿ ಹೋಗುತ್ತಾರೆ. ಇಲ್ಲಿ ನೆರೆಯವರೇ ಮದುವೆಯವರಾಗಿದ್ದರು.

ಆ ಗದ್ದಲದಲ್ಲಿ ಯಾರೋ ಮಹಾದೇವಿಯವರ ಎರಡೂ ಕೆನ್ನೆಗೆ ಅರಿಶಿನ ಬಳಿದರು. ಅವರು ಬೈಯುತ್ತ ತಿರುಗಿ, ಎದುರಿಗಿದ್ದ ಗಂಡನ ಹಳದಿ ತಲೆ ನೋಡಿ, ಹೊಟ್ಟೆ ಹಿಡಿದು ನಕ್ಕರು. ನಾನು ನೀರಿನ ಟ್ಯಾಂಕಿನ ಪಕ್ಕ ಉದ್ದನೆಯ ಲೆನ್ಸ್ ಹಾಕಿಕೊಂಡು ನಿಂತಿದ್ದೆ. ಒತ್ತಿದೆ.

ಅಷ್ಟು ಗಲಾಟೆಯಲ್ಲಿ ಕ್ಯಾಮೆರಾದ ಸದ್ದು ಹೇಗೆ ಕೇಳಿಸಿತೋ. ನಗು ನಿಂತಿತು. ನೇರವಾಗಿ ನನ್ನ ಹತ್ತಿರ ಬಂದರು.

"ತೋರಸ್ರಿ."

ತೋರಿಸಿದೆ. ಸೆರಗಿನಿಂದ ಕೈ ಒರೆಸಿಕೊಂಡು, ಕ್ಯಾಮೆರಾದ ಪರದೆಗೆ ಬಿಸಿಲು ಬೀಳದಂತೆ ಅಂಗೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಛಲೋ ಬಂದೈತಿ. ಅಳಿಸಿಬಿಡ್ರಿ."

"ಪ್ರಿಯಾಂಕಾ ಕೇಳಿದ್ಲು..."

"ಗೊತ್ತೈತಿ ಆಕಿ ಕೇಳಿರತಾಳ. ಅಳಿಸಿಬಿಡ್ರಿ."

ಅವರ ಎದುರಿಗೇ ಅಳಿಸಿದೆ. ಅವರು ಹೋಗಲಿಲ್ಲ. ಟ್ಯಾಂಕಿನ ನೆರಳಿನಲ್ಲಿ ಪಕ್ಕಕ್ಕೆ ನಿಂತು ಮಾತಾಡಿದರು.

"ನನ್ನ ಮೈದುನನ ಮದುವ್ಯಾಗ ಎಲ್ಲಾರ ಕೂಡ ನಿಂತು ಫೋಟೋ ತಗಸಿದ್ವಿ ಮೇಡಂ. ಆಗ ಈ ಮಚ್ಚಿ ಇಷ್ಟೊಂದ ಇರಲಿಲ್ಲ, ತುಟಿ ಬಾಜೂಕ ಸ್ವಲ್ಪ ಇದ್ವು. ಆಲ್ಬಮ್ ಬಂತು. ನೋಡಿದ್ರ ಫೋಟೋದಾಂವ ನನ್ನ ಮುಖಕ್ಕ ಕಂದು ಬಣ್ಣ ಬಳದಿದ್ದ. ತುಟಿಗೂ ಹಂಗs. 'ಚಂದ ಮಾಡೀನಿ ನೋಡ್ರಿ ಅಕ್ಕಾರ' ಅಂದ. ಮನಿ ಮಂದೆಲ್ಲ ಛಲೋ ಬಂದೀ, ಛಲೋ ಬಂದೀ ಅಂದ್ರು. ಹಂಗಂದ್ರ ನಾ ಇದ್ದಂಗ ಛಲೋ ಇಲ್ಲ ಅಂತಾತಲ್ಲ? ಅವತ್ತಿಂದ ಕ್ಯಾಮೆರಾ ನಾನs ಹಿಡಿಯಾಕತ್ತೀನಿ. ಹಿಡದಾಕಿನ್ನ ಯಾರೂ ತಗ್ಯಾಂಗಿಲ್ಲ ನೋಡ್ರಿ."

ಹೇಳಿ ಡೋಲಿನ ಕಡೆ ಹೋದರು. ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಕುತ್ತಿಗೆಯ ಗೆರೆ ಎಂದು ನಾವು ಕಂಪ್ಯೂಟರಿನಲ್ಲಿ ಕೇಳದೆಯೇ ಅಳಿಸುತ್ತೇವೆ. ಆ ಆಲ್ಬಮ್ಮಿನ ಫೋಟೋದವನೂ ಒಳ್ಳೆಯದನ್ನೇ ಮಾಡಿದೆ ಎಂದುಕೊಂಡು ಮಲಗಿರುತ್ತಾನೆ. ನನಗೆ ಕೆಲಸದ ಮೇಲೆ ಮನಸ್ಸು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

ಊಟದ ಹೊತ್ತಿಗೆ ಪ್ರಿಯಾಂಕಾ ಕಣ್ಣಿನಲ್ಲೇ ಕೇಳಿದಳು. "ಸಿಕ್ಕಿತ್ತು, ಅಳಿಸಿದೆ," ಎಂದೆ. "ಇನ್ನು ಕದ್ದು ತೆಗೆಯಲ್ಲಮ್ಮಾ. ಅವರಾಗಿ ನಿಂತರೆ ತೆಗೀತೀನಿ."

"ಅವಳು ನಿಲ್ಲಲ್ಲ! ನಿಮಗೆ ಗೊತ್ತಿಲ್ಲ," ಎಂದಳು. ಅರಿಶಿನದ ಕೆನ್ನೆಯ ಮೇಲೆ ನೀರು ಇಳಿಯಿತು. ಆ ದಿನವೆಲ್ಲ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮದುವೆಯ ಹಾಲ್

ವರ ಅಮೇಯ ಮರಾಠಿಯವನು. ಶಾಂತ ಹುಡುಗ, ಏನು ಹೇಳಿದರೂ ನಗುತ್ತಿದ್ದ. ನಮ್ಮ ಕಡೆಯವರು ಹಣೆಗೆ ಬಾಸಿಂಗ ಕಟ್ಟಬೇಕೆಂದರು, ಅವನ ಕಡೆಯವರು ಮುತ್ತಿನ ಮುಂಡಾವಳಿ. ಗಂಗಾಬಾಯಿಯವರಿಗೂ ಅಮೇಯನ ತಾಯಿಗೂ ಬಹಳ ಹೊತ್ತು ಮಾತು ನಡೆದು, ಕೊನೆಗೆ ಇಬ್ಬರ ಹಣೆಗೂ ಎರಡನ್ನೂ ಕಟ್ಟಿದರು. ಕಣ್ಣು ಎಲ್ಲಿವೆ ಎಂದು ನಾನು ಹುಡುಕಿ ಹುಡುಕಿ ಫೋಕಸ್ ಮಾಡಬೇಕಾಯಿತು.

ಹಾಲಿನ ಎ.ಸಿ. ಬೆಳಿಗ್ಗೆಯೇ ಕೆಟ್ಟಿತ್ತು. ಗೂಡಿನಂತೆ ಮುಚ್ಚಿದ ಹಾಲ್, ತುಂಬಿದ ಜನ. ಭಟ್ಟರು ಮಂತ್ರದ ನಡುವೆ ಪಂಚೆಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅಕ್ಷತೆಯ ಕಾಳು ಜನರ ಒದ್ದೆ ಕುತ್ತಿಗೆಗೆ ಅಂಟಿಕೊಂಡು ಕೆಳಗೆ ಬೀಳಲೇ ಇಲ್ಲ.

ಮಹಾದೇವಿ ಕೋಣೆಯಿಂದ ಹೊರಗೆ ಬಂದಾಗ ನನಗೆ ಗುರುತು ಸಿಗಲಿಲ್ಲ. ಗಂಗಾಬಾಯಿ ಮೇಕಪ್ಪಿನವಳನ್ನು ಕೂರಿಸಿ ಅವರ ಮುಖ, ಕುತ್ತಿಗೆ, ಕೈಗಳಿಗೆಲ್ಲ ದಪ್ಪಗೆ ಬಣ್ಣ ಹಚ್ಚಿಸಿದ್ದರು. ಒಂದು ಮಚ್ಚೆಯೂ ಕಾಣುತ್ತಿರಲಿಲ್ಲ. ಬೆವರಿಗೂ ಹೋಗದ ಬಣ್ಣವಂತೆ.

"ಈಗ ತಗೀರಿ ಮೇಡಂ, ಎಷ್ಟ ಬೇಕಾದಷ್ಟ ತಗೀರಿ. ಈಗ ಏನೂ ಕಾಣಂಗಿಲ್ಲ," ಎಂದು ಗಂಗಾಬಾಯಿ ಅವರ ತೋಳು ಹಿಡಿದು ವೇದಿಕೆಗೆ ಕರೆತಂದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ತಮ್ಮನ ಹೆಂಡತಿ ಬೀಗರ ಎದುರು ತಲೆಯೆತ್ತಿ ನಿಲ್ಲಲಿ ಎಂದೇ ಅಷ್ಟು ಓಡಾಡಿದ್ದರು.

ಮಹಾದೇವಿ ಮಗಳ ಪಕ್ಕ ನಿಂತರು. ಬಣ್ಣ ಬಿರಿಯಬಾರದೆಂದು ತುಟಿ ಅಲುಗಿಸದೆ ನಿಂತಿದ್ದರು. ನಾನು ತೆಗೆದೆ. ಪ್ರಿಯಾಂಕಾ ತಾಯಿಯ ಕೆನ್ನೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವರು ಇಳಿದು ಹೋಗುತ್ತಿದ್ದಾಗ ತಡೆಯಲಾರದೆ ಹೇಳಿಬಿಟ್ಟಳು: "ಸುಮಕ್ಕಾ, ಈ ಫೋಟೋ ಬೇಡ. ಇದು ನನ್ನ ಮಮ್ಮಿ ಅಲ್ಲ."

ವಾಲಗ ಜೋರಾಗಿತ್ತು. ಅವರಿಗೆ ಕೇಳಿಸಿರಲಾರದು ಎಂದುಕೊಂಡೆ.

ಮೆಟ್ರೊ

ಆರತಕ್ಷತೆ ಸಂಜೆಗೆ, ಗೋರೆಗಾಂವ್‌ನ ಒಂದು ತೆರೆದ ಹುಲ್ಲುಹಾಸಿನಲ್ಲಿ. ಮದುಮಕ್ಕಳು, ಶಿವಾನಂದರು, ಗಂಗಾಬಾಯಿ ಎಲ್ಲ ಮುಂಚೆಯೇ ಹೊರಟರು. ಮದುವೆ ಹಾಲ್‌ನವರಿಗೆ ಪಾತ್ರೆ ಪಡಗ ಒಪ್ಪಿಸಿ ಬರುತ್ತೇನೆಂದು ಮಹಾದೇವಿ ಉಳಿದರು, ಲೈಟು ಬಿಚ್ಚಲು ನಾನು ಉಳಿದೆ. ನಮ್ಮನ್ನು ಕರೆದೊಯ್ಯಬೇಕಿದ್ದ ಕಾರಿನವನು ಫೋನ್ ಮಾಡಿ, ಹೈವೇಯಲ್ಲಿ ಸಿಕ್ಕಿಕೊಂಡಿದ್ದೇನೆ, ಯಾವಾಗ ಬರುತ್ತೇನೋ ಹೇಳಲಾರೆ ಎಂದ.

"ಮೆಟ್ರೊಕ್ಕ ಹೋಗೂಣ ನಡೀರಿ. ಅಂಧೇರಿಯಿಂದ ಲೋಕಲ್," ಎಂದು ಮಹಾದೇವಿ ರೇಷ್ಮೆ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟ್ಯಾಂಡಿನ ಚೀಲವನ್ನು ಹೆಗಲಿಗೇರಿಸಿದರು. ಬೇಡವೆಂದರೂ ಕೇಳಲಿಲ್ಲ.

ಮೆಟ್ರೊದ ತಂಪಿಗೆ ಇಬ್ಬರೂ ಕಣ್ಣು ಮುಚ್ಚಿ ಕೂತೆವು. ಸ್ವಲ್ಪ ಹೊತ್ತಿಗೆ ಅವರ ಪಕ್ಕ ಒಬ್ಬ ಹೆಂಗಸು ಬಂದು, ಇದ್ದಷ್ಟು ಜಾಗದಲ್ಲಿ ಒತ್ತಿಕೊಂಡು ಕೂತಳು. ಮಹಾದೇವಿ ನನ್ನ ಕಡೆ ಬಾಗಿದರು.

"ನಾ ದಿನಾ ಇದರಾಗs ಹೋಗತೀನಿ, ಸಾಕಿನಾಕಾಕ್ಕ. ಅಲ್ಲೆ ಗಾರ್ಮೆಂಟ್‌ದಾಗ ಕಟಿಂಗ್ ಮಾಡತೀನಿ. ದಿನಾ ಬಾಜೂಕಿನಾಕಿ ಸ್ವಲ್ಪ ಸರದು ಕೂಡತಾಳ. ಬೇಕಂತ ಅಲ್ಲ, ಹಂಗs ಸರೀತಾರ. ಇವತ್ತ ನೋಡ್ರಿ, ಮೈಗೆ ಮೈ ಹಚ್ಚಿ ಕೂತಾಳ."

"ಒಳ್ಳೇದೇ ಆಯ್ತಲ್ಲ?" ಎಂದೆ.

"ನನ್ನ ಬಾಜೂಕ ಎಲ್ಲಿ ಕೂತಾಳ? ಈ ಬಣ್ಣದ ಬಾಜೂಕ ಕೂತಾಳ." ಆಮೇಲೆ ಮಗಳನ್ನು ಮನೆಯಲ್ಲಿ ಕರೆಯುವ ಹೆಸರಿನಲ್ಲೇ ಹೇಳಿದರು: "ಪಿಂಕಿ ವೇದಿಕಿ ಮ್ಯಾಲ ಅಂದಿದ್ದು ನನಗ ಕೇಳಿಸ್ತು."

ಸಾಕಿನಾಕಾ ಬಂತು, ಹೋಯಿತು. ಅಂಧೇರಿಯಲ್ಲಿ ಇಳಿಯುವವರೆಗೂ ಅವರು ಕಿಟಕಿಯ ಗಾಜಿನಲ್ಲಿ ತಮ್ಮ ಮುಖವನ್ನೇ ನೋಡುತ್ತಿದ್ದರು.

ಗೋರೆಗಾಂವ್

ಹುಲ್ಲುಹಾಸಿನ ಪಕ್ಕ ಹೆಣ್ಣಿನ ಕಡೆಯವರಿಗೆಂದು ಒಂದು ಕೋಣೆ ಕೊಟ್ಟಿದ್ದರು. ಎ.ಸಿ. ಮರಗಟ್ಟುವಷ್ಟು ಜೋರಾಗಿತ್ತು. ಉಳಿದವರೆಲ್ಲ ಆಗಲೇ ವೇದಿಕೆಯ ಹತ್ತಿರ ಹೋಗಿದ್ದರು. ನಾನು ಲೆನ್ಸುಗಳನ್ನು ತೆಗೆದು ಜೋಡಿಸುತ್ತಿದ್ದೆ.

"ನಿಮ್ಮ ಚೀಲದಾಗ ಕೊಬ್ಬರಿ ಎಣ್ಣಿ ಐತೇನ್ರಿ?" ಎಂದರು ಮಹಾದೇವಿ.

ಇತ್ತು. ಕೊಟ್ಟೆ. ಅಂಗೈಗೆ ಸುರಿದುಕೊಂಡು ಮುಖಕ್ಕೆ ತಿಕ್ಕಿದರು. ನನ್ನ ಟವೆಲ್ ಕೇಳಿ ಒರೆಸಿದರು, ಮತ್ತೆ ತಿಕ್ಕಿದರು. ಬಿಳಿ ಟವೆಲ್ ಕಂದಾಯಿತು. ಬೇಸಿನ್ನಿನಲ್ಲಿ ಸೋಪು ಹಾಕಿ ಮುಖ, ಕುತ್ತಿಗೆ, ಮೊಣಕೈವರೆಗೆ ಕೈ ತೊಳೆದುಕೊಂಡರು. ಆಮೇಲೆ ಹಣೆಗೆ ಕುಂಕುಮ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

"ಕ್ಯಾಮೆರಾ ಒಂದೀಟ ಕೊಡ್ರಿ. ಮೊದಲ ನಿಮ್ದೊಂದು ತಗೀತೀನಿ. ಅಲ್ಲೆ ನಿಂದ್ರಿ, ಗ್ವಾಡಿ ಹತ್ತಿರ."

ನಿಂತೆ. ನೂರಾರು ಜನರನ್ನು ನಿಲ್ಲಿಸಿದ ನನಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹೊಟ್ಟೆ ಒಳಗೆಳೆದುಕೊಂಡೆ, ಗಲ್ಲ ಎತ್ತಿದೆ, ನಕ್ಕೆ.

"ನಗಬ್ಯಾಡ್ರಿ ಸುಮ್ನ. ನಗು ಬಂದಾಗ ನಗ್ರಿ," ಎಂದರು. ಅದಕ್ಕೇ ನಗು ಬಂತು. ಆಗ ಒತ್ತಿದರು.

ಕ್ಯಾಮೆರಾ ವಾಪಸ್ಸು ಕೊಡುವಾಗ ಅದರ ಪಟ್ಟಿಯನ್ನು ಬಿಡಲಿಲ್ಲ. "ಬಣ್ಣ ಹಚ್ಚಂಗಿಲ್ಲ ನೀವು. ಕಂಪ್ಯೂಟರ್‌ನ್ಯಾಗೂ ಹಚ್ಚಂಗಿಲ್ಲ."

"ಹಚ್ಚಲ್ಲ."

"ಮಾತ?"

"ಮಾತು."

ಹೊರಗೆ ಇನ್ನೂ ಬೆಳಕಿತ್ತು. ಮರಗಳಿಗೆ ದೀಪದ ಸರ, ಮೂಲೆಯಲ್ಲಿ ಬ್ಯಾಂಡಿನವರು, ಕುಲ್ಫಿಯ ಮುಂದೆ ಮಕ್ಕಳು. ಮದುಮಕ್ಕಳಿಗೆ ಉಡುಗೊರೆ ಕೊಡಲು ಜನ ಉದ್ದಕ್ಕೆ ನಿಂತಿದ್ದರು. ಮಹಾದೇವಿ ಆ ಸಾಲಿನ ಪಕ್ಕದಿಂದ ನೇರವಾಗಿ ನಡೆದರು. ಕೆಲವರು ನೋಡಿದರು, ನೋಡಿ ಬೇರೆ ಕಡೆ ತಿರುಗಿದರು. ಮೆಟ್ಟಿಲ ಹತ್ತಿರ ಗಂಗಾಬಾಯಿ ಅಡ್ಡ ಬಂದರು.

"ಮಹಾದೇವೀ! ಮುಖಾ ತೊಳಕೊಂಡೀ ಏನs?"

"ಹೂಂ ಅಕ್ಕಾರ. ಸೆಕಿ ಆಗಿತ್ತು."

"ಬೀಗರೆಲ್ಲ ಕೂತಾರಲ್ಲವಾ..."

"ಕೂಡ್ಲಿ ತಗೋರಿ," ಎಂದು ಮೆಟ್ಟಿಲು ಹತ್ತಿದರು. ಗಂಗಾಬಾಯಿ ಏನೋ ಹೇಳಹೊರಟು, ತಮ್ಮನ ಹೆಂಡತಿಯ ಸೀರೆಯ ಸೆರಗು ಮೆಟ್ಟಿಲಿಗೆ ಸಿಕ್ಕಿದ್ದನ್ನು ಕಂಡು, ಬಾಗಿ ಬಿಡಿಸಿದರು.

ಪ್ರಿಯಾಂಕಾ ಯಾರದೋ ಕಾಲಿಗೆ ನಮಸ್ಕರಿಸಿ ಎದ್ದವಳು ತಾಯಿಯನ್ನು ಕಂಡಳು. ಕೈಯಲ್ಲಿದ್ದ ಹೂಗುಚ್ಛವನ್ನು ಅಮೇಯನಿಗೆ ಕೊಟ್ಟು, ತಾಯಿಯ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ನಾನು ಕ್ಯಾಮೆರಾವನ್ನು ಕಣ್ಣಿಗೆ ಏರಿಸಿದೆ.

ಏನೂ ಕಾಣಲಿಲ್ಲ. ಬರೀ ಬಿಳಿ ಮಂಜು.

ಎ.ಸಿ. ಕೋಣೆಯಿಂದ ಸಮುದ್ರದ ಗಾಳಿಗೆ ಬಂದ ಲೆನ್ಸಿನ ಮೇಲೆ ಹಬೆ ಕೂತಿತ್ತು. ಒಣಹವೆಯ ಮೈಸೂರಿನಲ್ಲಿ ನನಗೆ ಇದರ ಅಭ್ಯಾಸವೇ ಇಲ್ಲ. ಒರೆಸಿದೆ. ಉಸಿರಾಡುವಷ್ಟರಲ್ಲಿ ಮತ್ತೆ ಕೂತಿತು. ಇನ್ನೊಂದು ಲೆನ್ಸ್ ತೆಗೆದೆ, ಅದೂ ಹಾಗೆಯೇ. ಮಗಳು ಕೈ ತೆಗೆದಳು, ಆ ಗಳಿಗೆ ಹೋಯಿತು. ಕೆಳಗೆ ಜನ ಗೊಣಗತೊಡಗಿದರು. ಬ್ಯಾಂಡಿನವರು ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ಹೋದರು. ಮಹಾದೇವಿ ಇಳಿದುಬಿಟ್ಟರೆ ಮತ್ತೆ ಹತ್ತುತ್ತಾರೆಯೇ? ಸೀರೆಯ ಸೆರಗು, ಕರವಸ್ತ್ರ, ಸಿಕ್ಕಿದ್ದರಲ್ಲೆಲ್ಲ ಒರೆಸಿದೆ.

"ಒಂದು ನಿಮಿಷ... ಒಂದೇ ನಿಮಿಷ ಮಹಾದೇವಿಯವರೇ, ಹಬೆ ಆರಬೇಕು," ಎಂದು ಕೂಗಿ ಹೇಳಿದೆ.

"ಆರಲಿ ತಗೋರಿ," ಎಂದರು ಅವರು ವೇದಿಕೆಯ ಮೇಲಿನಿಂದ. "ಅವಸರ ಮಾಡಬ್ಯಾಡ್ರಿ. ನಾ ಎಲ್ಲೂ ಹೋಗಂಗಿಲ್ಲ."

ಅಮೇಯನ ತಾಯಿ ಪಕ್ಕಕ್ಕೆ ಸರಿದು, "ಯಾ, ಇಕ್ಡೆ ಉಭ್ಯಾ ರಾಹಾ," ಎಂದು ಅವರನ್ನು ಮಗಳಿಗೆ ಇನ್ನೂ ಒತ್ತಿ ನಿಲ್ಲಿಸಿದರು. ಕೆಳಗಿದ್ದ ಶಿವಾನಂದರು ತಾವಾಗಿಯೇ ಹತ್ತಿ ಬಂದು ಹೆಂಡತಿಯ ಇನ್ನೊಂದು ಬದಿಗೆ ನಿಂತರು. ಉಡುಗೊರೆಯವರೆಲ್ಲ ಕಾದರು. ಗಾಜಿನ ಅಂಚಿನಿಂದ ಮಂಜು ನಿಧಾನವಾಗಿ ಕರಗಿತು. ಮೊದಲು ಅಮೇಯನ ಭುಜ ಕಂಡಿತು, ಆಮೇಲೆ ಪ್ರಿಯಾಂಕಾಳ ಒದ್ದೆ ಕಣ್ಣುಗಳು, ಕೊನೆಗೆ ನಡುವೆ ಆ ಮುಖ, ತುಟಿಯ ಸುತ್ತಲ ಬಿಳುಪಿನೊಂದಿಗೆ, ನೇರವಾಗಿ ನನ್ನನ್ನೇ ನೋಡುತ್ತ.

ಒತ್ತಿದೆ.

ಪ್ರಿಯಾಂಕಾ ಕುಣಿಯುತ್ತಲೇ ಬಂದು ನನ್ನ ಹೆಗಲ ಮೇಲಿನಿಂದ ಪರದೆಯನ್ನು ಇಣುಕಿದಳು. ಜನ ಇನ್ನು ಮುಗಿಯಿತೆಂದು ಮೆಟ್ಟಿಲ ಕಡೆ ಸರಿದರು.

"ತಡೀರಿ," ಎಂದರು ಮಹಾದೇವಿ. "ಪಿಂಕಿ, ನೀ ಬಾ ಇಲ್ಲೆ. ಮೇಡಂ, ನಾ ಕಣ್ಣ ಮುಚ್ಚಿದ್ನೇನೋ ಅನಿಸ್ತು. ಇನ್ನೊಂದ ತಗೀರಿ."